ಅಳಿಸಲೊಲ್ಲೆ ಎಂದ ಸಾಜಿಯಾ

ಇಳಕಲ್ಲಿನ ಸಾಜಿಯಾ ಯಾರ ಮಾತನ್ನೂ ಸುಮ್ಮನೆ ಒಪ್ಪಿಕೊಂಡವಳಲ್ಲ. ಅವಳಪ್ಪ ಅಹ್ಮದಸಾಬ ಗ್ರಾನೈಟ್ ಪಾಲಿಶ್ ಕಾರ್ಖಾನೆಯ ಗದ್ದಲದಲ್ಲಿ ಅರ್ಧ ಕಿವುಡಾದ ಮನುಷ್ಯ. "ಈ ಹುಡುಗಿ ಕೂಡ ವಾದ ಮಾಡೂದಕ್ಕಿಂತ ಕಲ್ಲಿನ ಕೂಡ ಗುದ್ದಾಡೂದು ಪಾಡ" ಎಂದು ನಗುತ್ತಿದ್ದ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ಮಗಳು ೧೯೯೮ರಲ್ಲಿ ಬಾಗಲಕೋಟೆಯ ನವನಗರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿದಳು. ರೋಗಿಗಳ ಡೇಟಾಬೇಸ್ ನೋಡಿಕೊಳ್ಳುವ ಕೆಲಸ. ಹೆಣ್ಣುಮಗಳು ಕಂಪ್ಯೂಟರ್ ಮುಂದೆ ಕೂತರೆ ಟೈಪಿಸ್ಟ್ ಎಂದೇ ಎಲ್ಲರ ತಿಳಿವಳಿಕೆ. ಪತ್ರ ಟೈಪ್ ಮಾಡಿಸಲು ಕಾಗದ ಹಿಡಿದು ಬಂದ ಇಬ್ಬರು ಡಾಕ್ಟರರನ್ನು ಆಕೆ ಮೊದಲ ವಾರವೇ ಬಾಗಿಲಿನಿಂದ ಹೊರಳಿಸಿ ಕಳಿಸಿದಳು.

ಅವಳಿಗೆ ತನ್ನವೇ ಕೆಲವು ಕಟ್ಟಳೆಗಳಿದ್ದವು. ಬ್ಯಾಕಪ್ ತೆಗೆದಿಟ್ಟರೆ ಸಾಲದು, ಅದನ್ನು ಬೇರೆ ಕಂಪ್ಯೂಟರಿನಲ್ಲಿ ಬಿಚ್ಚಿ ನೋಡಬೇಕು. ಬಿಚ್ಚಿ ನೋಡದ ಬ್ಯಾಕಪ್ಪನ್ನು ನಂಬಿ ನಿದ್ದೆ ಮಾಡುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೇ ಶನಿವಾರ ಬಂತೆಂದರೆ ಮೆಟ್ಟಿಲ ಕೆಳಗಿನ ಹಳೇ ಕಂಪ್ಯೂಟರಿನ ಮುಂದೆ ಕೂತುಬಿಡುತ್ತಿದ್ದಳು. ಆಸ್ಪತ್ರೆಯ ಮ್ಯಾನೇಜರ್ ರಾಚಯ್ಯ ಹಿರೇಮಠರು ಅದಕ್ಕೆ 'ಸಾಜಿಯಾನ ಶನಿವಾರದ ವ್ರತ' ಎಂದು ಹೆಸರಿಟ್ಟಿದ್ದರು. ಒಂದು ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಹಾರ್ಡ್ ಡಿಸ್ಕ್ ಸುಟ್ಟಿತು. ಸಂಜೆಯೊಳಗೆ ಎಲ್ಲ ದಾಖಲೆಗಳೂ ಮರಳಿ ಬಂದದ್ದು ಆ ವ್ರತದಿಂದಲೇ. ನಗುವವರು ಆಮೇಲೂ ನಕ್ಕರು, ಆದರೆ ಅವಳ ಹಿಂದೆ.

ಇನ್ನೊಂದು ಕಟ್ಟಳೆ ಇನ್ನೂ ಬಿಗಿ. ಏನನ್ನಾದರೂ ಅಳಿಸುವ ಮೊದಲು, ಅಳಿಯಲಿರುವುದನ್ನೆಲ್ಲ ತೆರೆಯ ಮೇಲೆ ತರಿಸಿ ಕಣ್ಣಾರೆ ಓದಬೇಕು. ಓದದೆ ಅಳಿಸುವವರಿಗೆ ಅವಳ ಬಾಯಲ್ಲಿ ಒಳ್ಳೆಯ ಮಾತು ಇರಲಿಲ್ಲ.

೨೦೦೩ರಲ್ಲಿ ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬಂತು. ಅದನ್ನು ಹಾಕಲು ಬೆಂಗಳೂರಿನಿಂದ ಬಂದ ಇಂಜಿನಿಯರ್ ಒಂದೇ ದಿನ ನೋಡಿ ತೀರ್ಪು ಕೊಟ್ಟ: ಹಳೆಯದರಲ್ಲಿ ಒಬ್ಬರೇ ಎರಡೆರಡು ಸಲ ಸೇರಿದ್ದಾರೆ. ಹೆಸರು, ಅಡ್ಡಹೆಸರು, ಊರು, ಹುಟ್ಟಿದ ತಾರೀಖು ನಾಲ್ಕೂ ಒಂದೇ ಇದ್ದಲ್ಲಿ ಹೊಸ ದಾಖಲೆ ಇಟ್ಟುಕೊಂಡು ಹಳೆಯದನ್ನು ತೆಗೆದುಹಾಕಿ. ರಾಚಯ್ಯನವರು ತಲೆಯಾಡಿಸಿ, ಹಾಗೇ ಅಳಿಸಲು ಸಾಜಿಯಾಗೆ ಹೇಳಿದರು.

ಸಾಜಿಯಾ ಮೊದಲು ಓದಲು ಕೂತಳು. ಬೇವೂರಿನ 'ಹುಚ್ಚೇಶ ಗೌಡರ' ಎಂಬ ಹೆಸರಿನ ಮೇಲೆ ಅವಳ ಬೆರಳು ನಿಂತಿತು. ಈ ಹುಚ್ಚೇಶರನ್ನು ಅವಳು ಬಲ್ಲಳು. ಒಬ್ಬರಲ್ಲ, ಇಬ್ಬರು, ಅಣ್ಣತಮ್ಮಂದಿರ ಮಕ್ಕಳು. ಅಜ್ಜನ ಹೆಸರನ್ನು ಇಬ್ಬರು ಗಂಡುಮಕ್ಕಳೂ ತಮ್ಮ ತಮ್ಮ ಮಗನಿಗೆ ಇಟ್ಟಿದ್ದರು. ಹುಟ್ಟಿದ ದಿನ ಮನೆಯಲ್ಲಿ ಯಾರಿಗೂ ನೆನಪಿಲ್ಲದ ಮಕ್ಕಳಿಗೆಲ್ಲ ಶಾಲೆಯ ಮಾಸ್ತರರು ಜೂನ್ ಒಂದು ಎಂದು ಬರೆದುಬಿಡುವುದು ಈ ಕಡೆಯ ರೂಢಿ. ಒಂದೇ ವರ್ಷ ಶಾಲೆಗೆ ಹೋದ ಇಬ್ಬರಿಗೂ ಒಂದೇ ತಾರೀಖು ಬಿದ್ದಿತ್ತು. ಅವರಲ್ಲಿ ಒಬ್ಬನ ಹಳೆಯ ದಾಖಲೆಯಲ್ಲಿ 'ಪೆನಿಸಿಲಿನ್ ಕೊಡಬಾರದು' ಎಂದಿತ್ತು. ಅದು ಹೋದರೆ ಮುಂದಿನ ಸಲ ಯಾವ ನರ್ಸಿಗೂ ಗೊತ್ತಾಗುವುದಿಲ್ಲ.

ಸಾಜಿಯಾ ಎದ್ದು ಹೋಗಿ ರಾಚಯ್ಯನವರಿಗೂ ಇಂಜಿನಿಯರಿಗೂ ಬಿಡಿಸಿ ಹೇಳಿದಳು.

"ನೂರಕ್ಕೆ ಒಂದು ಅಂಥದ್ದು ಇರುತ್ತೆ ಮೇಡಂ. ಅಡ್ಜಸ್ಟ್ ಮಾಡ್ಕೊಳ್ಳಿ" ಎಂದ ಇಂಜಿನಿಯರ್.

"ಸೂಜಿ ಚುಚ್ಚಿದ ಮ್ಯಾಲ ಆ ಒಬ್ಬಾಂವ ಅಡ್ಜಸ್ಟ್ ಮಾಡ್ಕೊಳ್ಳಾಕ ಉಳಿಯಂಗಿಲ್ರಿ."

ರಾಚಯ್ಯನವರಿಗೆ ಸಿಟ್ಟು ಬಂತು. "ಒಬ್ಬನ ಸಲುವಾಗಿ ಇಡೀ ಕೆಲಸ ನಿಲ್ಲಸ್ತಿ ಏನು? ನೀ ಅಳಸು, ಇಲ್ಲಾ ಪಾಸ್‌ವರ್ಡ್ ಕೊಡು, ಅವರು ಅಳಸ್ತಾರ."

"ಎರಡೂ ಆಗಂಗಿಲ್ರಿ ಸರ."

"ಹಂಗಾರ ರಾಜೀನಾಮೆ ಬರಕೊಂಡು ಬಾ. ಊಟಕ್ಕ ಏಳೂದ್ರಾಗ ಬೇಕು ನನಗ."

ಅವಳು ತನ್ನ ಕುರ್ಚಿಗೆ ಮರಳಿ ಹಾಳೆ ಎಳೆದುಕೊಂಡಳು. ಹೆದರಿಕೆಯಾಗಿತ್ತು, ಸುಳ್ಳೇಕೆ. ಈ ಊರಲ್ಲಿ ಇಂಥ ಕೆಲಸ ಇನ್ನೊಂದಿರಲಿಲ್ಲ, ಈ ಕೆಲಸವೆಂದರೆ ಅವಳಿಗೆ ಜೀವ. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು. ರಾಜೀನಾಮೆಯನ್ನು ನಾಲ್ಕು ಸಾಲಿನಲ್ಲಿ ಬರೆದು ಮುಗಿಸಿದಳು. ಹೋಗುವುದಿದ್ದರೂ ಅರ್ಧ ಓದಿದ್ದನ್ನು ಬಿಟ್ಟು ಹೋಗುವ ಜಾಯಮಾನ ಅವಳದಲ್ಲ. ಉಳಿದ ಹೆಸರುಗಳನ್ನೂ ಹಟದಿಂದ ಓದುತ್ತ ಹೋದಳು. ಹುನಗುಂದದ ಹೆಸರುಗಳು ಬಂದಾಗ ಓದುವುದನ್ನು ನಿಲ್ಲಿಸಿದಳು. ಮತ್ತೊಮ್ಮೆ ಓದಿದಳು. ರಾಜೀನಾಮೆ ತೆಗೆದುಕೊಂಡು ನೆಟ್ಟಗೆ ಮ್ಯಾನೇಜರ್ ಕೋಣೆಗೆ ಹೋಗಿ ಮೇಜಿನ ಮೇಲೆ ಇಟ್ಟಳು.

"ಸರ, ನಿಮ್ಮ ಹುಟ್ಟಿದ ತಾರೀಖು?"

"ಜೂನ್ ಒಂದು. ಯಾಕ?"

"ನಿಮ್ಮೂರು ಹುನಗುಂದದಾಗ ನಿಮ್ಮ ಕಾಕಾನ ಮಗ ಒಬ್ಬರು ಅದಾರಲ್ರಿ?"

"ಅದಾನ. ನನ್ನ ವಾರಗಿಯಾಂವ, ಒಂದ ವರ್ಷ ಸಾಲಿಗೆ ಹ್ವಾದವ್ರು. ಅವನೂ ರಾಚಯ್ಯನ. ನಮ್ಮಜ್ಜನ ಹೆಸರು ನಮ್ಮಿಬ್ಬರಿಗೂ..." ರಾಚಯ್ಯನವರ ಮಾತು ಅಲ್ಲಿಗೇ ನಿಂತಿತು.

"ಹ್ವಾದ ತಿಂಗಳ ಅವರು ಕಾಲು ಮುರಕೊಂಡು ಇಲ್ಲಿಗೆ ಬಂದಿದ್ರು. ಹೊಸಾ ದಾಖಲೆ ಅವರದು, ಅದು ಉಳೀತೈತಿ. ಹ್ವಾದ ವರ್ಷದ ನಿಮ್ಮ ಎದಿಬ್ಯಾನಿ, ನಿಮ್ಮ ಗುಳಿಗಿ, ಅದೆಲ್ಲಾ ಹಳೇದು. ಹೇಳ್ರಿ ಸರ, ನಿಮ್ಮಿಂದನ ಸುರು ಮಾಡ್ಲ್ಯಾ?"

ಇಂಜಿನಿಯರ್ ಕಿಟಕಿಯ ಹೊರಗೆ ನೋಡತೊಡಗಿದ. ರಾಚಯ್ಯನವರ ಕೈ ತಾನಾಗಿಯೇ ಗುಳಿಗೆಯಿದ್ದ ಎದೆಯ ಜೇಬಿಗೆ ಹೋಯಿತು. ಕೊನೆಗೆ ಅವರು ಇಂಜಿನಿಯರ್ ಕಡೆ ತಿರುಗಿ, ಹೊಸ ಸಾಫ್ಟ್‌ವೇರ್ ಕಾಯಲಿ, ಈಕೆ ಒಬ್ಬೊಬ್ಬರನ್ನೇ ವಿಚಾರಿಸಿ ಹೇಳಿದ ಮೇಲೆ ನೋಡೋಣ ಎಂದರು. ಆಮೇಲೆ ಮೇಜಿನ ಮೇಲಿದ್ದ ರಾಜೀನಾಮೆಯನ್ನು ಎರಡು ಬೆರಳಿನಿಂದ ಸಾಜಿಯಾ ಕಡೆ ಸರಿಸಿದರು.

ಸಾಜಿಯಾ ಅದನ್ನು ಮುಟ್ಟಲಿಲ್ಲ.

"ಇರ್ಲಿ ಸರ, ನಿಮ್ಮ ಹಂತ್ಯಾಕ ಇಟ್ಕೋರಿ" ಎಂದಳು. "ಮುಂದಿನ ಸಲ ಮತ್ತ ಬರಿಯೂದು ತಪ್ತೈತಿ."