ಹಾಜರಿ ಪುಸ್ತಕದಲ್ಲಿದ್ದ ಹೆಸರು

ನನ್ನ ಗಂಡ ಅಮಾನತಾದ ಸುದ್ದಿ ನನಗೆ ತಿಳಿದದ್ದು ಅವರ ಬಾಯಿಂದಲ್ಲ, ಬೆಟಗೇರಿಯಲ್ಲಿ ನಮ್ಮ ಓಣಿಗೆ ಮೆಂತೆ ಸೊಪ್ಪು ತರುವವಳಿಂದ. “ಸಾಹೇಬ್ರ ಫೋಟೋ ಪೇಪರ್‌ನ್ಯಾಗ ಬಂದೈತಂತಲ್ರಿ ಅಕ್ಕಾರ” ಎಂದಳು. ಎಲ್ಲೋ ಸನ್ಮಾನ ಮಾಡಿರಬೇಕೆಂದು ಹಿಗ್ಗಿ ನಾನು ಎರಡು ಸಿವುಡು ಹೆಚ್ಚೇ ತೆಗೆದುಕೊಂಡೆ. ಒಳಗೆ ಬಂದರೆ ಇವರು ಅಂಗಿಯ ಗುಂಡಿಯನ್ನೂ ಹಾಕದೆ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಆದೇಶದ ಕಾಗದ ಬಿದ್ದಿತ್ತು.

ಇವರು ಮುಂಡರಗಿ ತಾಲ್ಲೂಕಿನ ಹೊಳೆದಂಡೆಯ ಒಂದು ಊರಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿ. ಆ ಊರಿಗೆ ನೀರು ಬಿಡುತ್ತಿದ್ದ ನೀರಗಂಟಿ ತೀರಿಕೊಂಡು ಹನ್ನೊಂದು ತಿಂಗಳಾದರೂ ಅವನ ಖಾತೆಗೆ ಪಗಾರ ಹೋಗುತ್ತಲೇ ಇತ್ತು. ಹಾಜರಿ ಪುಸ್ತಕದಲ್ಲಿ ದಿನವೂ ಅವನ ಸಹಿ ಬೀಳುತ್ತಿತ್ತು. ಯಾರೋ ದೂರು ಕೊಟ್ಟರು. ವಿಚಾರಣೆ ಮುಗಿಯುವವರೆಗೆ ಅರ್ಧ ಪಗಾರ, ಅನುಮತಿಯಿಲ್ಲದೆ ಗದಗ ಬಿಟ್ಟು ಹೋಗುವಂತಿಲ್ಲ ಎಂದು ಆದೇಶದಲ್ಲಿತ್ತು. ಆರೋಪ ನಿಜವೆಂದಾದರೆ ನೌಕರಿಯೇ ಹೋಗುವ ಹಾಗಿತ್ತು.

“ಇದು ಖರೆ ಏನ್ರಿ?” ಎಂದೆ.

“ಖರೆ.”

“ಹಂಗಾರ ರೊಕ್ಕ ಎಲ್ಲಿ ಹೋತು?”

“ಹೋಗಬೇಕಾದಲ್ಲಿ ಹೋತು. ಅದರ ಉಸಾಬರಿ ನಿನಗ ಬ್ಯಾಡ.”

ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷ ಇವರ ಡಬ್ಬಿ ಕಟ್ಟಿದವಳು ನಾನು, ಉಸಾಬರಿ ಬೇಡವಂತೆ! ಸಂಬಂಧಿಕರ ಫೋನುಗಳಿಗೆ ಸುಳ್ಳು ಹೇಳುವವಳು ನಾನು. ಮುಳಗುಂದದಿಂದ ನನ್ನ ತಮ್ಮ ಬಂದು “ಭಾವ ಹಂಗಲ್ಲ ಬಿಡ” ಎಂದು ಸಮಾಧಾನ ಹೇಳಿದರೆ, ಅವನ ದನಿಯಲ್ಲೂ ಸಂಶಯ ಕೇಳಿಸುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಸಂಶಯ ನನಗೂ ಬಂತು. ಒಂದು ಮಧ್ಯಾಹ್ನ ಇವರು ವಕೀಲರ ಹತ್ತಿರ ಹೋದಾಗ ಇವರ ಕಪಾಟು ತೆಗೆದು ಒಂದೊಂದೇ ಅರಿವೆ ಝಾಡಿಸಿದೆ.

ದುಡ್ಡು ಸಿಗಲಿಲ್ಲ, ಒಬ್ಬ ಹೆಂಗಸಿನ ಫೋಟೋ ಸಿಕ್ಕಿತು. ಅಯ್ಯ ಶಿವನೇ, ಇದೂ ಒಂದು ಬಾಕಿ ಇತ್ತೇನು ಅಂದುಕೊಂಡೆ. ಆಮೇಲೆ ನೋಡಿದರೆ ಫೋಟೋ ಒಂದು ಅರ್ಜಿಗೆ ಅಂಟಿತ್ತು. ಗಂಡ ತೀರಿಕೊಂಡಿದ್ದಾನೆ, ನೀರು ಬಿಡುವ ಅವನ ಕೆಲಸ ನಾನೇ ಮಾಡುತ್ತಿದ್ದೇನೆ, ದಯಮಾಡಿ ನನಗೇ ಕೊಡಿ ಎಂಬ ಅರ್ಜಿ. ಅಕ್ಷರ ಇವರದು. ದಿನಾಂಕದ ಜಾಗ ಮಾತ್ರ ಖಾಲಿ.

ಇವರು ಬಂದ ಮೇಲೆ ಅದನ್ನು ಮುಂದೆ ಹಿಡಿದೆ. ಕಪಾಟು ತೆಗೆದದ್ದಕ್ಕೆ ಬೈಯಲಿಲ್ಲ, ಮುಖ ಮಾತ್ರ ಸಣ್ಣದಾಯಿತು. ಸಾವನ್ನು ದಾಖಲಿಸಿದರೆ ಅದೇ ದಿನ ಆ ಜಾಗಕ್ಕೆ ಬೇರೆಯವರನ್ನು ತುಂಬಲು ಊರಲ್ಲಿ ಜನ ತುದಿಗಾಲ ಮೇಲೆ ನಿಂತಿದ್ದರಂತೆ. ಎರಡು ಹೆಣ್ಣುಮಕ್ಕಳ ತಾಯಿ ಅವಳು, ಗಂಡನ ಬದಲು ತಾನೇ ನೀರು ಬಿಡುತ್ತಿದ್ದಳು, ಅವನ ಎಟಿಎಂ ಕಾರ್ಡಿನಿಂದ ಪಗಾರ ತೆಗೆದುಕೊಳ್ಳುತ್ತಿದ್ದಳು. ಒಳ್ಳೆಯ ಹೊತ್ತು ನೋಡಿ ಅರ್ಜಿ ಕೊಟ್ಟರಾಯಿತು ಎಂದು ಇವರು ನಾಳೆ, ನಾಡಿದ್ದು ಎನ್ನುತ್ತ ಹನ್ನೊಂದು ತಿಂಗಳು ತಳ್ಳಿದ್ದರು.

“ನೋಟೀಸಿಗೆ ಏನಂತ ಉತ್ತರ ಕೊಟ್ಟೀರಿ?”

“ಕಣ್ತಪ್ಪಿನಿಂದ ಆಗೈತಿ ಅಂತ.”

“ಹನ್ನೊಂದ ತಿಂಗಳ ಕಣ್ಣ ಎಲ್ಲಿಟ್ಟಿದ್ರಿ ಅಂತ ಕೇಳಂಗಿಲ್ಲೇನ್ರಿ ಅವರು? ಆಕಿ ಕೆಲಸ ಮಾಡ್ಯಾಳಂತ ಹೇಳಾಕ ಏನಾಗೈತಿ ನಿಮಗ?”

“ಆಕಿ ಹೆಸರು ಬಂತಂದ್ರ ತಗೊಂಡ ಪಗಾರೆಲ್ಲ ಆಕಿ ಕಡಿಂದ ವಸೂಲಿ ಮಾಡ್ತಾರ. ಕೆಲಸಾನೂ ಹೋಗತೈತಿ. ನಂದೇನು, ಹೆಂಗರ ನಡೀತೈತಿ.”

ಹೆಂಗರ ನಡೀತೈತಿ ಅಂದ ಮನುಷ್ಯ ಆ ತಿಂಗಳು ಚಹಾಕ್ಕೆ ಸಕ್ಕರೆ ಬೇಡವೆಂದಿದ್ದರು, ಆರೋಗ್ಯಕ್ಕೆ ಒಳ್ಳೆಯದಲ್ಲವಂತೆ. ಇಂಥವರ ಮೇಲೆ ಸಿಟ್ಟು ಮಾಡುವುದು ಹೇಗೆ ಹೇಳಿ. ಆದರೂ ಮಾಡಿದೆ. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಲಕ್ಷ್ಮೇಶ್ವರಕ್ಕೆ ಅಕ್ಕನ ಮನೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಮುಂಡರಗಿ ಬಸ್ಸು ಹತ್ತಿದೆ.

ಅವಳಿಗೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಊರಲ್ಲಿ ಇಳಿದು ಕೇಳಿದರೆ ನೀರಿನ ಟಾಕಿ ತೋರಿಸಿದರು. ಅವಳು ಗುಂಡಿಯೊಳಗೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ವಾಲ್ವ್ ತಿರುಗಿಸುತ್ತಿದ್ದಳು. ದೂರು ಬಂದಾಗಿನಿಂದ ಪಗಾರ ನಿಂತಿತ್ತು, ಹೊಸಬರು ಬಂದಿರಲಿಲ್ಲ. ನೀರು ಮಾತ್ರ ಬಿಡಲೇಬೇಕಲ್ಲ. ನಾನು ಸಾಹೇಬರ ಮನೆಯವಳು ಎಂದದ್ದೇ ತಡ, ಮೇಲೆ ಬಂದು ಕೈ ಒರೆಸಿಕೊಂಡು ನನ್ನ ಕಾಲಿಗೆ ಬಾಗಿದಳು. ನನಗಿಂತ ಎಷ್ಟೋ ಚಿಕ್ಕವಳು. ಮನೆಗೆ ಕರೆದೊಯ್ದು ರೊಟ್ಟಿ, ಪುಂಡಿಪಲ್ಯ ಇಟ್ಟಳು. ಬಾಯಿಪಾಠ ಮಾಡಿದ್ದರಲ್ಲಿ ಒಂದು ಮಾತೂ ನನಗೆ ನೆನಪಾಗಲಿಲ್ಲ.

“ಯಾರ ಕೇಳಿದ್ರೂ ನಂಗೇನೂ ಗೊತ್ತಿಲ್ಲ ಅನ್ನು ಅಂತ ಸಾಹೇಬ್ರ ಹೇಳಿ ಕಳಿಸ್ಯಾರ್ರಿ” ಎಂದಳು. “ಗದಗಿಗೆ ವಿಚಾರಣೆಗೆ ಬಾ ಅಂತ ಕಾಗದಾನೂ ಬಂದೈತಿ. ನೀವ ಹೇಳ್ರಿ ಅಕ್ಕಾರ, ನಾ ಏನ್ ಮಾಡ್ಲಿ?”

ಆಗ ನಾನು ದೊಡ್ಡ ಮನಸ್ಸು ಮಾಡಿ, ಸಾಹೇಬರು ಹೇಳಿದ ಹಾಗೆಯೇ ಮಾಡವ್ವ ಎನ್ನಬಹುದಿತ್ತು. ಅನ್ನಲಿಲ್ಲ. “ಖರೆ ಹೇಳಿದ್ರ ನಿನ್ನ ಕೆಲಸ ಹೋಗಬಹುದವಾ. ಹೇಳಲಿಲ್ಲಂದ್ರ ನಮ್ಮವರದು ಹೋಗತೈತಿ” ಎಂದೆ. ಅವಳು ರೊಟ್ಟಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು. “ಇನ್ನೊಂದ ರೊಟ್ಟಿ ತಿನ್ರಿ” ಎಂದಳು.

ವಿಚಾರಣೆಯ ದಿನ ಅವಳು ಬಂದಳು. ಒಬ್ಬಳೇ ಒಳಗೆ ಹೋಗಲು ಹೆದರಿದ್ದರಿಂದ ನನ್ನನ್ನೂ ಬಾಗಿಲ ಹತ್ತಿರ ಕೂರಲು ಬಿಟ್ಟರು. ನನ್ನನ್ನು ಕಂಡು ಇವರ ಕಣ್ಣು ಕೆಂಪಾದವು, ನಾನು ಫ್ಯಾನು ನೋಡುತ್ತ ಕೂತೆ. ವಿಚಾರಣೆ ಮಾಡುವ ಅಧಿಕಾರಿ ವಯಸ್ಸಾದವರು, ಮೃದುವಾಗಿಯೇ ಮಾತಾಡಿದರು. ಹಾಜರಿ ಪುಸ್ತಕ ತೋರಿಸಿ ಈ ಸಹಿ ಯಾರು ಮಾಡಿದ್ದು ಎಂದರು.

“ನಾನ್ರಿ. ಹೆಂಗ ಬರೀಬೇಕಂತ ದೊಡ್ಡ ಮಗಳು ಕಲಿಸಿದ್ಲು. ನೀರು ಬಿಟ್ಟಾಕೀನೂ ನಾನ, ಪಗಾರ ತಗೊಂಡಾಕೀನೂ ನಾನ. ಸಾಹೇಬ್ರು ಒಂದ ಪೈಸೆ ಮುಟ್ಟಿಲ್ರಿ.”

“ಇಲ್ಲಿ ಬರೆದಿರುವುದು ಯಾರ ಹೆಸರು?”

“ನಮ್ಮನಿಯವರದ್ರಿ.”

“ಹೆಸರು ಹೇಳಮ್ಮ. ಬರೆದುಕೊಳ್ಳಬೇಕು.”

ಅವಳು ತಲೆ ತಗ್ಗಿಸಿದಳು. “ಸಾಹೇಬ್ರ, ನಮ್ಮ ಕಡೆ ಹೆಂಗಸ್ರು ಗಂಡನ ಹೆಸರು ಹೇಳಂಗಿಲ್ರಿ” ಎಂದು ನಾನು ಬಾಯಿ ಹಾಕಿದೆ. ಅದು ತನಗೂ ಗೊತ್ತಿದೆ, ಆದರೆ ಹೇಳಿಕೆ ಅವಳ ಬಾಯಿಂದಲೇ ಬರಬೇಕು, ಇಲ್ಲದಿದ್ದರೆ ನಾಳೆ ಯಾರೂ ಒಪ್ಪುವುದಿಲ್ಲ ಎಂದರು ಅವರು. ಅವಳ ತುಟಿ ಅಲ್ಲಾಡುತ್ತಿದ್ದವು, ದನಿ ಮಾತ್ರ ಬರುತ್ತಿರಲಿಲ್ಲ. ಅಷ್ಟರಲ್ಲಿ ಇವರು ಎದ್ದು ನಿಂತರು. “ಬಿಡ್ರಿ ಸರ್, ಆಕೀನ್ನ ಕಾಡಬ್ಯಾಡ್ರಿ. ತಪ್ಪು ನಂದ ಅಂತ ಬರಕೊಳ್ರಿ.”

ನೌಕರಿ ಹೋಯಿತು ಅಂದುಕೊಂಡೆ. ಆ ಕ್ಷಣದಲ್ಲೇ ಇವರ ಮೇಲೆ ಎಂದೂ ಇಲ್ಲದಷ್ಟು ಪ್ರೀತಿಯೂ ಉಕ್ಕಿತು.

ಅವಳು ಎದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಗೋಡೆಯ ಕಡೆ ತಿರುಗಿ, ಗಂಡನ ಹೆಸರನ್ನು ತಂದೆಯ ಹೆಸರಿನೊಂದಿಗೆ ಪೂರ್ತಿಯಾಗಿ ಹೇಳಿದಳು. “ಅವರು ತೀರಿಕೊಂಡಾರ್ರಿ” ಎಂದೂ ಸೇರಿಸಿದಳು. ಟೈಪು ಮಾಡುತ್ತಿದ್ದವರು ಕೈ ನಿಲ್ಲಿಸಿ ಅವಳನ್ನೇ ನೋಡಿದರು.

ಎರಡು ತಿಂಗಳಿಗೆ ಅಮಾನತು ತೆರವಾಯಿತು. ಇವರಿಗೆ ಒಂದು ಇಂಕ್ರಿಮೆಂಟು ತಡೆದು ಶಿರಹಟ್ಟಿ ತಾಲ್ಲೂಕಿಗೆ ಹಾಕಿದರು. ದುಡಿದದ್ದಕ್ಕೇ ಪಗಾರ ಪಡೆದಿದ್ದಾಳೆಂದು ಅವಳಿಂದ ವಸೂಲಿ ಮಾಡಲಿಲ್ಲ, ಆದರೆ ಕೆಲಸ ಬೇರೆಯವರಿಗೆ ಹೋಯಿತು. ಇವರು ಅದಕ್ಕಾಗಿ ಇನ್ನೂ ಓಡಾಡುತ್ತಿದ್ದಾರೆ, ಈ ಸಲ ನಾನು ನಾಳೆ ಎನ್ನಲು ಬಿಡುತ್ತಿಲ್ಲ. ಅವಳ ಅನ್ನ ಕಸಿದವಳು ನಾನೇ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ಅಂದು ವಿಚಾರಣೆ ಮುಗಿಸಿ ಅವಳನ್ನು ಊರಿಗೆ ಕಳಿಸಲು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ತಪ್ಪಾಯಿತವ್ವ ಎಂದು ಕೈ ಹಿಡಿದೆ. ಅವಳ ಮನಸ್ಸು ಕೆಲಸದ ಮೇಲೆ ಇರಲೇ ಇಲ್ಲ.

“ಮದಿವ್ಯಾಗ ಒಡಪಿನ ಹಾಡಿನ್ಯಾಗ ಹೆಸರು ಕಟ್ಟಿ ಹೇಳಿದ್ದ ಬಿಟ್ರ, ಅವರ ಹೆಸರು ನಾ ಎಂದೂ ತಗೊಂಡಿಲ್ರಿ ಅಕ್ಕಾರ. ಒಮ್ಮೆರ ಹೆಸರು ಹಿಡದು ಕರೀಲೇ, ಕೇಳಬೇಕನಸತೈತಿ ಅಂತ ಭಾಳ ಕಾಡಸ್ತಿದ್ರು. ನಾ ನಾಚಿ ಒಳಗ ಓಡಿ ಹೋಗತಿದ್ದೆ.” ಕೈಚೀಲ ಎತ್ತಿಕೊಂಡಳು. “ಇವತ್ತ ಅಷ್ಟ ಮಂದಿ ಕೇಳಿದ್ರು ನೋಡ್ರಿ. ಅವರಿಗೊಬ್ಬರಿಗೆ ಕೇಳಸಲಿಲ್ಲ.”