ಪೋಪರ ಬಹಿಷ್ಕಾರ, ನಮ್ಮ ಮಠದ ಬಹಿಷ್ಕಾರ

೧೯೮೮ರಲ್ಲಿ, ಎಂಟನೇ ಇಯತ್ತೆಗೆ ನನ್ನ ಓದು ಮುಗಿಯಿತು. ಆಮೇಲೆ ಸ್ಟೇರಿಂಗ್ ಹಿಡಿದವನು ಇವತ್ತಿಗೂ ಬಿಟ್ಟಿಲ್ಲ. ಈಗ ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ಸಿಟಿ ಬಸ್ಸು ಓಡಿಸುತ್ತೇನೆ. ಯಾರ ಮುಂದೆಯೂ ಕೈಚಾಚಿದವನಲ್ಲ. ಆದರೂ ಹೋದ ಚಳಿಗಾಲದಲ್ಲಿ ಫೋನ್ ರಿಂಗಾದರೆ ಎತ್ತಲು ಹಿಂಜರಿಯುತ್ತಿದ್ದೆ.

ಮಗಳು ಇಲ್ಲಿಯ ಹುಡುಗನನ್ನು ಮದುವೆಯಾಗುತ್ತೇನೆಂದಳು. ಶಾಲೆಯಲ್ಲಿ ಇತಿಹಾಸ ಕಲಿಸುವವನು, ಒಳ್ಳೆಯವನು. ಒಪ್ಪಿದೆ. ಸುದ್ದಿ ಊರು ಮುಟ್ಟಿತು, ಊರಿಂದ ಮಠ ಮುಟ್ಟಿತು. ಅಣ್ಣ ಫೋನ್ ಮಾಡಿದ.

“ತಮ್ಮಾ, ಸ್ವಾಮಿಗೋಳು ಬಹಿಷ್ಕಾರ ಹಾಕ್ಯಾರ. ಇನ್ನ ನಮ್ಮ ಮಂದಿ ಯಾರೂ ನಿಮ್ಮ ಮನಿ ನೀರು ಮುಟ್ಟಂಗಿಲ್ಲ. ನಾನೂ ಸೈತ.”

ನಿಶ್ಚಯದ ದಿನ ಹೆಣ್ಣಿನ ಕಡೆಯ ಬಂಧುಗಳಲ್ಲಿ ಒಬ್ಬರಾದರೂ ಎಲೆ-ಅಡಿಕೆ ಹಿಡಿಯಬೇಕು. ಇಲ್ಲದಿದ್ದರೆ ನಮ್ಮಲ್ಲಿ ಅದು ನಿಶ್ಚಯವೇ ಅಲ್ಲ. ಹಾಗೆ ಮಗಳನ್ನು ಕೊಡಲು ಹೆಂಡತಿ ಸುತರಾಂ ತಯಾರಿರಲಿಲ್ಲ.

ಬಹಿಷ್ಕಾರ ಎಂದರೇನೆಂದು ಮಗಳು ಹುಡುಗನಿಗೆ ಜರ್ಮನ್‌ನಲ್ಲಿ ತಿಳಿಸಿದಳು. ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಹಿಂದೊಮ್ಮೆ ಪೋಪರು ಇಲ್ಲಿಯ ರಾಜನ ಮೇಲೆ ಸಿಟ್ಟಾಗಿ, ಅವನ ಪರ ನಿಂತ ಊರುಗಳಲ್ಲೆಲ್ಲ ಪೂಜೆ ನಿಲ್ಲಿಸಿದ್ದರಂತೆ. ಚರ್ಚಿನ ಗಂಟೆ ಬಾರಿಸುವಂತಿಲ್ಲ, ಸತ್ತವರಿಗೆ ಸರಿಯಾದ ಸಂಸ್ಕಾರವಿಲ್ಲ. ವರ್ಷಗಟ್ಟಲೆ. ಕೊನೆಗೆ ಕೆಲವು ಊರಿನವರು ಪಾದ್ರಿಗಳಿಗೆ, ಪೂಜೆ ಮಾಡಿ ಇಲ್ಲವೇ ಊರು ಬಿಡಿ ಎಂದರಂತೆ. ಆಗ ಪೋಪರು ಏನು ಮಾಡಿದರು ಎಂದು ಕೇಳಿದೆ. ಅವರು ದೂರದಲ್ಲಿದ್ದರು ಎಂದ.

ನನಗೆ ಸಮಾಧಾನವಾಗಲಿಲ್ಲ. ಪೋಪರ ಕಾಗದ ಕುದುರೆಯ ಮೇಲೆ ಬರಬೇಕಿತ್ತು. ಸ್ವಾಮಿಗಳ ಮಾತು ವಾಟ್ಸಾಪಿನಲ್ಲಿ ಆಗಲೇ ಇಲ್ಲಿಯ ಇನ್ನೊಂದು ಊರು ರೆನ್ನಿಂಗೆನ್ ತಲುಪಿತ್ತು. ಅಲ್ಲಿಯ ನಮ್ಮ ಮೂರು ಮನೆ ಇಂಜಿನಿಯರ್ ಬಂಧುಗಳಿಂದ ಒಂದೊಂದಾಗಿ ಫೋನ್ ಬಂದವು. ಮೂರೂ ಮನೆಯ ಮಕ್ಕಳಿಗೆ ಒಂದೇ ದಿನ ಜ್ವರ. ಪಾಪ, ಜ್ವರ ಬರುವುದು ಮುಂದಿನ ಶನಿವಾರ, ನಿಶ್ಚಯದ ದಿನವೇ ಎಂದು ಅವರಿಗೆ ಆಗಲೇ ಗೊತ್ತಾಗಿತ್ತು.

ಆ ಶನಿವಾರ ಹುಡುಗನ ತಂದೆ-ತಾಯಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದು ಕುಳಿತರು. ನಮ್ಮ ಕಡೆಯ ಕುರ್ಚಿಗಳು ಖಾಲಿ. ಹೆಂಡತಿ ತಟ್ಟೆ ಹಿಡಿದು ಬಾಗಿಲನ್ನೇ ನೋಡುತ್ತ ನಿಂತಳು. ಬಹಳ ಹೊತ್ತಿನ ಮೇಲೆ ಬೆಲ್ ಆಯಿತು.

ಅಬ್‌ಸ್ಟಾಟ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗಳು. ಗಂಡ ಬೇಡವೆಂದರೂ ಒಬ್ಬಳೇ ಟ್ರೇನು ಹತ್ತಿ ಬಂದಿದ್ದಳು. ಕೋಟು ಬಿಚ್ಚುವ ಮೊದಲೇ ಅಂದಳು:

“ಅಣ್ಣಾ, ಮೊದಲ ನೀರು ಕೊಡು. ಎಲ್ಲಾರ ಮುಂದ ಕುಡೀತೀನಿ.”

ಕುಡಿದಳು. ಎಲೆ-ಅಡಿಕೆ ಹಿಡಿದಳು. ನಿಶ್ಚಯವಾಯಿತು.

ಮಠದವರು ಈಗ ಅವಳ ಹೆಸರನ್ನೂ ಕೇಳಿದ್ದಾರಂತೆ. ಬೇಸಿಗೆಗೆ ಅವಳು ಊರಿಗೆ ಹೋಗಬೇಕು. ಹೋಗಬೇಡವೆಂದರೆ ಕೇಳುತ್ತಿಲ್ಲ.

ಸದ್ಯಕ್ಕೆ ನನಗಿರುವುದು ಇಷ್ಟು: ಒಬ್ಬ ಹೆಂಡತಿ, ಒಬ್ಬ ಮಗಳು, ಒಬ್ಬ ಅಳಿಯ, ಒಬ್ಬ ತಂಗಿ.