ತಂಗ್ಯವ್ವನ ಉಡಿ

ಯುಗಾದಿಗೆಂದು ಮನೆ ಸ್ವಚ್ಛಗೊಳಿಸುತ್ತಿದ್ದ ನನ್ನ ಹೆಂಡತಿ ಇಂದು ಬೆಳಿಗ್ಗೆ ಅಟ್ಟದ ಮೇಲಿನ ದುರ್ಬೀನಿನ ಚೀಲ ಕೊಡವಿದಾಗ ಅದರೊಳಗಿಂದ ಒಂದು ಹಿಡಿ ಜೋಳ ಉದುರಿತು. ಅರ್ಧ ನುಸಿ ತಿಂದದ್ದು, ಉಳಿದರ್ಧ ನುಸಿಗೇ ಮೀಸಲಾದದ್ದು.

“ಏನ್ರೀ ಇದು, ದುರ್ಬೀನಿನ ಚೀಲದಾಗ ಬಿತ್ತಿಗಿ ಮಾಡೀರೇನು?” ಎಂದು ಅವಳು ಎರಡು ಸಲ ಕೇಳಿದಳಂತೆ. ನಾನು ಉತ್ತರ ಕೊಟ್ಟದ್ದು ಮೂರನೆಯದಕ್ಕೆ. ನನಗೆ ಕರೆದದ್ದು ಕೇಳುವುದಿಲ್ಲವೆಂಬ ಅವಳ ದೂರು ಹಳೆಯದು. ಅದನ್ನು ನಾನು ದೀರ್ಘ ದಾಂಪತ್ಯದ ಲಕ್ಷಣವೆಂದು ಬಗೆದು ಸುಮ್ಮನಿದ್ದೆ.

ಜೋಳ ಬನಹಟ್ಟಿಯ ನನ್ನ ಗೆಳೆಯ ಈರಪ್ಪನದು. ತವರಿಂದ ಹೊರಟ ಮಗಳನ್ನು ಮಡಿಲಿಗೆ ಅಕ್ಕಿ ಹಾಕಿ ಉಡಿ ತುಂಬದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಈರಪ್ಪ ಈ ಶಾಸ್ತ್ರವನ್ನು ಹಕ್ಕಿಗಳಿಗೂ ವಿಸ್ತರಿಸಿದ್ದ. ನಗಬೇಡಿ, ಮೊದಲ ವರ್ಷ ನಾನು ನಕ್ಕು ಬೈಸಿಕೊಂಡಿದ್ದೇನೆ.

ಈರಪ್ಪನ ಮನೆಯ ಕೆಳಗೇ ಅವನ ವಿದ್ಯುತ್ ಮಗ್ಗಗಳು. ಆ ಗದ್ದಲದ ಮೇಲೆಯೇ ಅವನ ಊಟ, ನಿದ್ದೆ, ಪೂಜೆ. ಅಮಾವಾಸ್ಯೆಗೆ ಮಾತ್ರ ಮಗ್ಗಗಳಿಗೆ ಬಿಡುವು. “ಕಿವಿ ತೊಳ್ಕೊಂಡ ಬರೂನ ನಡಿ” ಎಂದು ಆ ದಿನ ಜಮಖಂಡಿಯ ನಮ್ಮ ಮನೆಗೆ ಬಂದು ನನ್ನನ್ನು ಮೋಟಾರ್ ಸೈಕಲ್ಲಿಗೆ ಹೇರಿಕೊಂಡು, ಬೀಳಗಿ ಕಡೆಯ ಅಡವಿಗೆ ಒಯ್ಯುತ್ತಿದ್ದ. ಅಡವಿಯೆಂದರೆ ನಿಮ್ಮ ಕಲ್ಪನೆಯ ಘೋರಾರಣ್ಯವಲ್ಲ. ಜಾಲಿ, ಬೇವು, ಕಲ್ಲು, ನಡುನಡುವೆ ನಾವು. ಕಣ್ಣು ನನ್ನದು, ಕಿವಿ ಅವನದು ಎಂದು ಕೆಲಸ ಹಂಚಿಕೊಂಡಿದ್ದೆವು. ಅವನು ಬೆರಳೆತ್ತಿದ ಕಡೆಗೆ ನಾನು ದುರ್ಬೀನು ತಿರುಗಿಸುವುದು.

ವಸಂತದಲ್ಲಿ ಹಕ್ಕಿಗಳು ಬರುತ್ತವೆಂದು ನೀವು ಕೇಳಿರಬಹುದು. ಬರುವುದು ಬೇರೆಯವರ ಊರಿಗೆ. ನಮ್ಮ ಪಾಲಿಗೆ ವಸಂತವೆಂದರೆ ಅವು ಹೋಗುವ ಕಾಲ. ಚಳಿಗಾಲವೆಲ್ಲ ಇಲ್ಲಿ ಉಂಡವು ಬಿಸಿಲು ಏರುತ್ತಲೇ ಹಿಮಾಲಯದ ಕಡೆ ಹೊರಡುತ್ತವೆ. ಅವುಗಳಲ್ಲಿ ಎಲೆ ಉಲಿಯಕ್ಕಿಯೊಂದು: ಹೆಬ್ಬೆರಳಿನ ಗಾತ್ರ, ಬೇವಿನೆಲೆಯ ಬಣ್ಣ, ಸೂಜಿಯಂಥ ದನಿ. ಈರಪ್ಪ ಅದಕ್ಕೆ ತಂಗ್ಯವ್ವ ಎಂದು ಹೆಸರಿಟ್ಟಿದ್ದ. ಯುಗಾದಿಯ ಅಮಾವಾಸ್ಯೆಗೆ ಅವಳ ದನಿ ಬಂದ ಗಿಡದ ಬುಡಕ್ಕೆ ಒಂದು ಹಿಡಿ ಜೋಳ ಸುರಿಯುತ್ತಿದ್ದ.

“ಹುಳ ತಿನ್ನೂ ಹಕ್ಕಿಗೆ ಜ್ವಾಳ ಯಾಕೋ?” ಎಂದಿದ್ದೆ.

“ಲೇ, ಉಡ್ಯಾಗಿನ ಅಕ್ಕಿ ಮಗಳು ದಾರ್ಯಾಗ ಕುಂತು ಮುಕ್ಕತಾಳೇನು? ಹೊಳ್ಳಿ ಬರಲಿ ಅಂತ ಹಾಕೂದು.”

ಒಂದೇ ನಿಯಮ: ದನಿ ತಾನೇ ಕೇಳದೆ ಉಡಿ ತುಂಬಬಾರದು. “ಮನ್ಯಾಗ ಮಗಳ ಇಲ್ಲಂದ್ರ ಯಾರಿಗೆ ತುಂಬ್ತಿ?” ಎನ್ನುತ್ತಿದ್ದ.

ಹೋದ ವರ್ಷದ ಯುಗಾದಿ ಅಮಾವಾಸ್ಯೆಯಂದು ಅವನ ಬೆರಳು ಏಳಲೇ ಇಲ್ಲ. ಗಿಡದಿಂದ ಗಿಡಕ್ಕೆ ನಡೆದ, ನಿಂತ, ಕಿವಿಗೆ ಕೈ ಹಚ್ಚಿದ. ಕಡೆಗೆ ಒಂದು ಬೇವಿನ ಕೆಳಗೆ ಕುಳಿತು, “ಈ ವರ್ಷ ಲಗೂ ಹೋಗ್ಯಾಳೋ. ಹೇಳದ ಹೋಗ್ಯಾಳ ನೋಡು” ಎಂದ.

ಅವನ ನೆತ್ತಿಯ ಮೇಲೆಯೇ ತಂಗ್ಯವ್ವ ಚೀಸ್‌ವೀ, ಚೀಸ್‌ವೀ ಎಂದು ಒಂದೇ ಸವನೆ ಕೂಗುತ್ತಿದ್ದಳು.

“ಮ್ಯಾಲ ಅದಾಳಲ್ಲೋ,” ಎಂದೆ.

ಅವನು ನನ್ನ ಮುಖ ನೋಡಿ, ದುರ್ಬೀನು ಇಸಿದುಕೊಂಡು ಬಹಳ ಹೊತ್ತು ಮೇಲೆ ನೋಡಿದ. “ಬಾಯಿ ತಗ್ಯಾಕತ್ತಾಳ,” ಎಂದ. ಆಮೇಲೆ, “ಒದರಾಕತ್ತಾಳೇನು?”

“ಹೂಂ.”

ದುರ್ಬೀನು ಹಿಂತಿರುಗಿಸಿ, ಕಿಸೆಯ ಜೋಳವನ್ನೆಲ್ಲ ನನ್ನ ಚೀಲಕ್ಕೆ ಸುರಿದ. “ಇನ್ನ ನೀನ ತುಂಬಪಾ.” ಅವನೆದುರು ಜೋಳ ಹಾಕಲು ನನಗೆ ಕೈ ಬರಲಿಲ್ಲ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳನ್ನು ಬೈಯುತ್ತ ಬಂದ. ಮನೆಯ ಮುಂದೆ ನನ್ನನ್ನಿಳಿಸುವಾಗ ಮಾತ್ರ, “ಮಗ್ಗ ಏನ ತಿಂದ್ವು ಅಂತ ಗೊತ್ತಾತು,” ಎಂದು ನಕ್ಕ. ಮುಂದಿನ ಅಮಾವಾಸ್ಯೆಗೆ ಮೊಣಕಾಲು ನೋವೆಂದ. ಅದರ ಮುಂದಿನದಕ್ಕೆ ನೆಪವನ್ನೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಕಿವಿಯಿಲ್ಲದ ಕಣ್ಣು ಅಡವಿಯಲ್ಲಿ ಮಾಡುವುದೇನು? ದುರ್ಬೀನು ಅಟ್ಟ ಸೇರಿತು.

ಇಷ್ಟನ್ನು ನೆನೆಯುತ್ತ ಇಂದು ಹಿತ್ತಿಲಲ್ಲಿ ನುಸಿ ಜೋಳ ಹಿಡಿದು ನಿಂತಿದ್ದೆ. ಹೆಂಡತಿ ಹತ್ತಿರ ಬಂದು, “ಬೇವಿನ ಗಿಡದಾಗ ಮುಂಜಾನಿಂದ ಚೀಂವ್ ಚೀಂವ್ ಅನ್ನಾಕತ್ತೈತಲ್ರೀ, ಅದ ಯಾವ ಹಕ್ಕಿ?” ಎಂದಳು.

ನಾನು ಕಿವಿಗೊಟ್ಟೆ. ಬೇವು ಸುಮ್ಮನಿತ್ತು. ದುರ್ಬೀನು ತಂದು ಹುಡುಕಿದೆ. ಚಿಗುರಿನ ನಡುವೆ ಹೆಬ್ಬೆರಳಿನಷ್ಟು ಹಕ್ಕಿ. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು.

“ಒದರಾಕತ್ತೈತೇನು?”

“ಅಯ್ಯ, ಇಷ್ಟ ಜೋರ ಒದರಾಕತ್ತೈತಿ, ಕೇಳವಲ್ದೇನ್ರೀ?” ಎಂದು ನಕ್ಕವಳು ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಜೋಳವನ್ನು ಅವಳ ಕೈಗೆ ಸುರಿದೆ. “ನೀನ ಹಾಕು, ಆ ಬುಡಕ್ಕ.”

ಅವಳು ಯಾಕೆಂದು ಕೇಳದೆ ಸೆರಗು ಹೊದ್ದು ಹಾಕಿದಳು.

ಬನಹಟ್ಟಿಯ ಬಸ್ಸಿಗೆ ಹೊರಡಬೇಕು. ಇಂದು ಅಮಾವಾಸ್ಯೆ, ಈರಪ್ಪ ಮನೆಯಲ್ಲೇ ಇರುತ್ತಾನೆ. ಮಗ್ಗಗಳು ನಿಂತಿರುತ್ತವೆ, ಆದರೂ ಇಬ್ಬರೂ ಕೂಗಿಯೇ ಮಾತಾಡಬೇಕು.